ಟ್ರೇಲರ್ ಚಕ್ರ ಕಾಯುತ್ತಿದೆಯೇ? ತಪ್ಪು ಬೇರಿಂಗ್‌ದೋ ಬ್ರೇಕ್‌ದೋ ಹೀಗೆ ಪತ್ತೆಮಾಡಿ

ದೋಣಿ ಸಾಗಿಸುವ ಟ್ರೇಲರ್‌ನ ಚಕ್ರ ಕೈ ಇಡಲಾಗದಷ್ಟು ಕಾದಿದೆ ಎಂದರೆ ಎಲ್ಲರೂ ಮೊದಲು ಬೈಯುವುದು ಬೇರಿಂಗನ್ನು. ಹೊಸದನ್ನು ಹಾಕಿಸುತ್ತಾರೆ, ಮುಂದಿನ ಸಲವೂ ಅದೇ ಚಕ್ರ ಕಾಯುತ್ತದೆ. ಬಿಡದೆ ಹಿಡಿದುಕೊಂಡ ಬ್ರೇಕ್ ಕೂಡ ಅಷ್ಟೇ ಬಿಸಿ ಹುಟ್ಟಿಸುತ್ತದೆ. ಆ ಬಿಸಿಗೆ ಗ್ರೀಸ್ ತೆಳ್ಳಗಾಗಿ ಹರಿದುಹೋಗಿ, ಸರಿಯಿದ್ದ ಬೇರಿಂಗೂ ಸಾಯುತ್ತದೆ. ಬಿಚ್ಚಿ ನೋಡಿದವರಿಗೆ ಕೆಟ್ಟ ಬೇರಿಂಗ್ ಮಾತ್ರ ಕಾಣುತ್ತದೆ, ಅದನ್ನು ಕೊಂದ ಬ್ರೇಕ್ ಕಾಣುವುದಿಲ್ಲ.

ಮೊದಲು ಬಿಸಿ ಅಳೆಯಿರಿ

ಹದಿನೈದಿಪ್ಪತ್ತು ಕಿ.ಮೀ. ಓಡಿಸಿ, ಗಟ್ಟಿಯಾಗಿ ಬ್ರೇಕ್ ಒತ್ತದೆ ನಿಧಾನಕ್ಕೆ ವೇಗ ಇಳಿಸಿ ನಿಲ್ಲಿಸಿ. ಪ್ರತಿ ಚಕ್ರದ ನಡುವಿನ ಹಬ್ ಬಳಿ ಅಂಗೈಯ ಹಿಂಬದಿ ಒಯ್ಯಿರಿ. ಒಮ್ಮೆಲೇ ಮುಟ್ಟಬೇಡಿ, ಚರ್ಮ ಸುಟ್ಟೀತು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಹಬ್ ಬೆಚ್ಚಗಿರುವುದು ಸಹಜ. ಒಂದು ಚಕ್ರ ಉಳಿದವುಗಳಿಗಿಂತ ಎಷ್ಟು ಹೆಚ್ಚು ಬಿಸಿ ಎಂಬುದೇ ಇಲ್ಲಿ ಮುಖ್ಯ. ಒಂದೇ ಚಕ್ರ ಕಾದಿದ್ದರೆ ತೊಂದರೆ ಆ ಚಕ್ರದಲ್ಲೇ ಇದೆ. ಬ್ರೇಕ್ ಇರುವ ಎಲ್ಲ ಚಕ್ರಗಳೂ ಸಮನಾಗಿ ಕಾದಿದ್ದರೆ ಬೇರಿಂಗ್ ಬಿಟ್ಟು ಮುಂದಿನ ಕಪ್ಲರ್ (ಟ್ರೇಲರನ್ನು ಎಳೆಯುವ ವಾಹನಕ್ಕೆ ಕೊಂಡಿ ಹಾಕುವ ಭಾಗ) ಕಡೆ ನೋಡಿ. ಡ್ರಮ್ ಅಥವಾ ಡಿಸ್ಕ್‌ನ ಅಂಚು ಹೆಚ್ಚು ಬಿಸಿಯಾಗಿದ್ದರೆ ಬ್ರೇಕ್ ಮೇಲೆ, ನಡುವಿನ ಮುಚ್ಚಳದ ಸುತ್ತ ಹೆಚ್ಚಿದ್ದರೆ ಬೇರಿಂಗ್ ಮೇಲೆ ಅನುಮಾನ ಪಡಬೇಕು.

ಚಕ್ರ ಎತ್ತಿ ತಿರುಗಿಸಿ

ಜಾಕ್ ಹಾಕುವ ಮುನ್ನ ಟ್ರೇಲರನ್ನು ಒಂದಡಿ ಮುಂದಕ್ಕೆ ಎಳೆದು ನಿಲ್ಲಿಸಿ. ದೋಣಿ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿರುವ ಸರ್ಜ್ ಬ್ರೇಕ್ ಕೆಲಸ ಮಾಡುವುದು ಟ್ರೇಲರ್ ಮುಂದಿನ ವಾಹನವನ್ನು ತಳ್ಳಿದಾಗ. ಆ ತಳ್ಳುವಿಕೆಯೇ ಕಪ್ಲರ್ ಒಳಗಿನ, ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಕಪ್ಲರ್ ಒತ್ತಿಕೊಂಡೇ ನಿಂತಿದ್ದರೆ ಬ್ರೇಕ್ ಹಿಡಿದೇ ಇರುತ್ತದೆ, ನಿಮ್ಮ ಪರೀಕ್ಷೆಯೆಲ್ಲ ವ್ಯರ್ಥ.

ಇನ್ನೊಂದು ಬದಿಯ ಚಕ್ರಗಳಿಗೆ ಅಡ್ಡ ಕೊಟ್ಟು, ಆಕ್ಸಲ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಟೈರಿನ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸಿ. ಗೊತ್ತಾಗಿಯೂ ಗೊತ್ತಾಗದಷ್ಟು ಆಟ ಇರಬಹುದು. ಟಕ್ ಟಕ್ ಎಂದರೆ ಹಬ್ ನಡುವೆ ಬೇರಿಂಗನ್ನು ಹಿಡಿದಿಡುವ ನಟ್ ಸಡಿಲವಾಗಿದೆ, ಇಲ್ಲವೇ ಬೇರಿಂಗ್ ಸವೆದಿದೆ. ಬಳಿಕ ಒಂದು ಕೈ ಲೀಫ್ ಸ್ಪ್ರಿಂಗ್ ಮೇಲಿಟ್ಟು ಚಕ್ರ ತಿರುಗಿಸಿ. ಕಿವಿಗೆ ಕೇಳದ ಒರಟುತನ ಕೈಗೆ ಸಿಗುತ್ತದೆ. ಮರಳು ಅರೆದಂಥ ಗರಗರ ಬೇರಿಂಗ್‌ನದು. ಸದ್ದಿಲ್ಲದೆ ಅರ್ಧ ಸುತ್ತಿಗೇ ಚಕ್ರ ನಿಂತುಬಿಟ್ಟರೆ ಬ್ರೇಕ್ ಹಿಡಿದಿದೆ. ಡಿಸ್ಕ್ ಬ್ರೇಕ್‌ನಲ್ಲಿ ಪ್ಯಾಡ್ ಸಣ್ಣಗೆ ಸವರುವ ಸದ್ದಿಗೆ ಹೆದರಬೇಕಿಲ್ಲ.

ಹಬ್ ಬಿಚ್ಚಿದಾಗ

ಗ್ರೀಸ್ ಹಾಲು ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಓಡಿ ಬಂದು ಕಾದ ಹಬ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಹಿಂಬದಿಯ ಸೀಲ್ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ನೀರಿಗೆ ಇಳಿಸುವ ಮುನ್ನ ಟ್ರೇಲರ್ ಆರಲು ಬಿಡಬೇಕೆನ್ನುವುದು ಇದಕ್ಕೇ. ಬಿಡುವಿಲ್ಲ ಎನ್ನುವವರೇ ಸೀಲ್ ಹೆಚ್ಚು ಬದಲಿಸುತ್ತಾರೆ. ಚಕ್ರದ ಒಳಮೈಗೆ ಗ್ರೀಸ್ ಎರಚಿದ್ದರೆ ಹಿಂದಿನ ಸೀಲ್ ಹೋಗಿದೆ. ಹಾಗಿದ್ದಲ್ಲಿ ಡ್ರಮ್‌ಗೆ ಒಳಗಿನಿಂದ ಒತ್ತುವ ಬ್ರೇಕ್ ಶೂಗಳನ್ನೂ ನೋಡಿ. ಗ್ರೀಸ್ ಕುಡಿದ ಶೂ ಒರೆಸಿದರೆ ಸರಿಹೋಗದು, ಬದಲಿಸಲೇಬೇಕು.

ರೋಲರ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ಗುಳಿ, ತುಕ್ಕಿನ ಗೆರೆ, ಕಾದು ನೀಲಿಯಾದ ಕಲೆ, ಇವುಗಳಲ್ಲಿ ಒಂದು ಕಂಡರೂ ಆ ಬೇರಿಂಗ್ ಮುಗಿಯಿತು. ಹಬ್ ಒಳಗೆ ಕೂತಿರುವ ರೇಸ್ ಎಂಬ ಉಂಗುರವನ್ನೂ ಜೊತೆಗೇ ಬದಲಿಸಿ. ಹಳೆ ರೇಸ್ ಮೇಲೆ ಹೊಸ ರೋಲರ್ ಹೆಚ್ಚು ದಿನ ಬಾಳದು. ಜೋಡಿಸುವಾಗ ಚಕ್ರ ತಿರುಗಿಸುತ್ತಲೇ ನಟ್ ಬಿಗಿಮಾಡಿ, ಪೂರ್ತಿ ಸಡಿಲಿಸಿ, ಮತ್ತೆ ಬೆರಳಿನಿಂದಷ್ಟೇ ಬಿಗಿಮಾಡಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಬಲವೆಲ್ಲ ಹಾಕಿ ನಟ್ ಬಿಗಿದವರ ಬೇರಿಂಗ್ ಸಡಿಲ ಬಿಟ್ಟವರದಕ್ಕಿಂತ ಬೇಗ ಸುಡುತ್ತದೆ.

ಬ್ರೇಕ್ ಬಿಡದಿದ್ದರೆ

ಇಲ್ಲಿ ಒಂದು ಸಣ್ಣ ಸ್ಪ್ಯಾನರ್ ಸಾಕು. ಹಿಡಿದ ಚಕ್ರದ ಬ್ಲೀಡರ್ ಸ್ಕ್ರೂ (ಬ್ರೇಕ್ ಪೈಪಿನ ಗಾಳಿ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಪೈಪಿನಲ್ಲಿ ಒತ್ತಡ ಸಿಕ್ಕಿಕೊಂಡಿತ್ತು ಎಂದರ್ಥ. ಬಿಟ್ಟುಕೊಳ್ಳದಿದ್ದರೆ ಚಕ್ರದಲ್ಲೇ ಏನೋ ಜಾಮ್ ಆಗಿದೆ: ಡಿಸ್ಕ್‌ನಲ್ಲಾದರೆ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ಅಥವಾ ಸ್ಲೈಡ್ ಪಿನ್, ಡ್ರಮ್‌ನಲ್ಲಾದರೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್. ಉಪ್ಪುನೀರಿಗೆ ಇಳಿಯುವ ಟ್ರೇಲರ್‌ಗಳಲ್ಲಿ ಇದು ನಿತ್ಯದ ಗೋಳು.

ಒತ್ತಡ ಸಿಕ್ಕಿಕೊಂಡಿದ್ದರೆ ಮುಂದಿನ ಪ್ರಶ್ನೆ, ಎಲ್ಲಿ? ಮತ್ತೊಮ್ಮೆ ಚಕ್ರ ಹಿಡಿದಾಗ ರಬ್ಬರ್ ಹೋಸ್‌ಗಿಂತ ಮುಂದಿನ, ಅಂದರೆ ಕಪ್ಲರ್ ಬದಿಯ ಕನೆಕ್ಷನ್ ಸಡಿಲಿಸಿ. ಆಗ ಚಕ್ರ ಬಿಟ್ಟರೆ ದೋಷ ಅಲ್ಲಿಂದ ಕಪ್ಲರ್ ಕಡೆಗಿದೆ. ಬಿಡದಿದ್ದರೆ ಹೋಸ್ ಒಳಗೆ ಊದಿಕೊಂಡಿದೆ. ಹೊರಗಿನಿಂದ ಹೊಸದರಂತೆ ಕಾಣುವ ಹೋಸ್ ಆಯಿಲನ್ನು ಹೋಗಲು ಬಿಟ್ಟು, ಮರಳಲು ಬಿಡದಿರುವುದು ಅಪರೂಪವೇನಲ್ಲ. ಪರೀಕ್ಷೆ ಮುಗಿದ ಮೇಲೆ ಗಾಳಿ ಹೊರಹಾಕಿ ಆಯಿಲ್ ತುಂಬಿಸಲು ಮರೆಯಬೇಡಿ.

ಹಿಂದಕ್ಕೆ ತಳ್ಳುವಾಗ ಮಾತ್ರ ಚಕ್ರ ಹಿಡಿಯುವುದಾದರೆ ಅದರ ದಾರಿಯೇ ಬೇರೆ. ಡಿಸ್ಕ್ ಬ್ರೇಕ್ ಟ್ರೇಲರ್‌ಗಳಲ್ಲಿ ರಿವರ್ಸ್ ಲೈಟ್‌ನ ಕರೆಂಟ್‌ನಿಂದ ನಡೆಯುವ ಸೊಲೆನಾಯ್ಡ್ ವಾಲ್ವ್ ಒಂದಿರುತ್ತದೆ. ರಿವರ್ಸ್ ಗೇರ್ ಹಾಕಿದಾಗ ಅದು ಬ್ರೇಕ್ ಹಿಡಿಯದಂತೆ ತಡೆಯುತ್ತದೆ. ವಾಹನಕ್ಕೂ ಟ್ರೇಲರ್‌ಗೂ ವೈರ್ ಸೇರಿಸುವ ಪ್ಲಗ್‌ನಲ್ಲಿ ಆ ಕರೆಂಟ್ ಹಾಯುವ ಪಿನ್ ತುಕ್ಕು ಹಿಡಿದಿದೆಯೇ ನೋಡಿ. ಸಹಾಯಕರೊಬ್ಬರು ರಿವರ್ಸ್ ಗೇರ್ ಹಾಕಿದಾಗ ಸೊಲೆನಾಯ್ಡ್ ಕ್ಲಿಕ್ ಎನ್ನಬೇಕು.

ಇದಾವುದೂ ಅಲ್ಲ, ಆದರೂ ಎಲ್ಲ ಚಕ್ರಗಳೂ ಹಿಡಿದಿವೆ ಎಂದಾದರೆ ಬ್ರೇಕ್‌ಅವೇ ಕೇಬಲ್ ಗಮನಿಸಿ. ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಬೀಳಲೆಂದು ಇಟ್ಟಿರುವ ಈ ಕೇಬಲ್ ಗಿಡ್ಡವಾಗಿದ್ದರೆ ತಿರುವಿನಲ್ಲಿ ಎಳೆದುಕೊಂಡು ಬ್ರೇಕನ್ನು ಅರೆಬರೆ ಹಿಡಿಸಿಬಿಡುತ್ತದೆ. ಕೇಬಲ್ ಎಳೆದಿರುವ ಲಿವರ್ ಬಿಡಿಸಿ, ಪೂರ್ತಿ ತಿರುವಿನಲ್ಲೂ ಬಿಗಿಯಾಗದಷ್ಟು ಉದ್ದದ ಕೇಬಲ್ ಹಾಕಿ.