ಬದಲಿಸಬೇಕೆಂದಿದ್ದ ಬ್ಲ್ಯಾಕ್ ಟ್ಯಾಂಕನ್ನು ನೀರಿನಿಂದಲೇ ಸರಿಮಾಡಿದ್ದು: ನನ್ನ ಅನುಭವ

ನಮ್ಮ ಟ್ರೇಲರಿನ (ಪ್ರವಾಸಕ್ಕೆ ಎಳೆದೊಯ್ಯುವ ಗಾಡಿಮನೆ) ಬ್ಲ್ಯಾಕ್ ಟ್ಯಾಂಕ್, ಅಂದರೆ ಟಾಯ್ಲೆಟ್ಟಿನ ಮಲಮೂತ್ರ ಸೇರುವ ಟ್ಯಾಂಕ್, ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಟ್ಯಾಂಕನ್ನೇ ಬದಲಿಸಬೇಕು, ಕೂಲಿ ಸೇರಿ ಒಂದೂವರೆ ಸಾವಿರ ಡಾಲರ್ ದಾಟುತ್ತದೆ ಎಂದು ಡೀಲರ್ ಹೇಳಿದ್ದರು. ಟ್ರೇಲರ್ ಇಟ್ಟುಕೊಂಡಿರುವ ನಮ್ಮ ಕನ್ನಡದ ಗೆಳೆಯರಂತೂ "ಆ ಹೊಲಸಿಗೆ ಯಾಕೆ ಕೈಹಾಕುತ್ತೀರಿ, ಬಂದಷ್ಟಕ್ಕೆ ಮಾರಿಬಿಡಿ" ಎಂದರು. ನಾನು ಮಾರಲಿಲ್ಲ, ಬದಲಿಸಲೂ ಇಲ್ಲ. ನೂರೈವತ್ತು ಡಾಲರಿನ ಆಸುಪಾಸಿನಲ್ಲಿ ಕೆಲಸ ಮುಗಿಯಿತು. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಕೆಲಸಕ್ಕೆ ಬಾರದ ಬಾಟಲಿಗಳಿಗೇ ಹೋಯಿತು.

ನಾನಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಪಕ್ಕದಲ್ಲಿ. ಟ್ರೇಲರ್ ಕೊಂಡದ್ದು ಸೆಕೆಂಡ್ ಹ್ಯಾಂಡ್, ಬ್ಲ್ಯಾಕ್ ಟ್ಯಾಂಕ್ ಸುಮಾರು 40 ಗ್ಯಾಲನ್. ಹಿಂದಿನ ಮಾಲೀಕ ಟ್ರೇಲರ್ ನಿಲ್ಲಿಸುವ ಒಂದೇ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಇದ್ದು, ಒಳಚರಂಡಿ ಸಂಪರ್ಕ ಇದೆಯಲ್ಲ ಎಂದು ಟ್ಯಾಂಕ್ ಖಾಲಿ ಮಾಡುವ ವಾಲ್ವನ್ನು ತೆರೆದೇ ಬಿಟ್ಟಿದ್ದ. ಪರಿಣಾಮ ನಿಮಗೆ ಗೊತ್ತೇ ಇದೆ: ದ್ರವವೆಲ್ಲ ಹರಿದುಹೋಗಿ, ಗಟ್ಟಿಯಾದದ್ದು ಉಳಿಯುತ್ತದೆ. ಟಾಯ್ಲೆಟ್ಟಿನ ತೂತಿನಿಂದ ಟಾರ್ಚ್ ಬಿಟ್ಟು ನೋಡಿದರೆ ನೇರ ಕೆಳಗೆ ಹುತ್ತದಂತೆ ಎದ್ದು ನಿಂತಿತ್ತು. ಮೇಲ್ಮೈ ಒಣಗಿ ಬಿರುಕುಬಿಟ್ಟಿತ್ತು, ಬಿರುಕುಗಳ ನಡುವೆ ಕಾಗದದ ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು. ಡಂಪ್ ಮಾಡಿ, ಅಂದರೆ ಟ್ಯಾಂಕನ್ನು ಚರಂಡಿಗೆ ಖಾಲಿ ಮಾಡಿ, ಬಂದರೂ ಮಟ್ಟ ತೋರಿಸುವ ಫಲಕದ ದೀಪ ಮೂರರಲ್ಲಿ ಎರಡು ಪಾಲು ತುಂಬಿದೆ ಎಂದೇ ತೋರಿಸುತ್ತಿತ್ತು.

ಮೊದಲು ಟ್ಯಾಂಕಿಗೆಂದೇ ಅಂಗಡಿಯಲ್ಲಿ ಸಿಗುವ ನೀಲಿ ದ್ರವ. ಬಾಟಲಿಗೆ ಹದಿನೈದು ಡಾಲರ್ ಇರಬೇಕು. ವಾಸನೆಗೆ ಸುವಾಸನೆಯ ಮುಸುಕು ಹಾಕಿತೇ ಹೊರತು ಹುತ್ತ ಅಲುಗಲಿಲ್ಲ. ಆಮೇಲೆ ಎನ್‌ಜೈಮ್ ಪುಡಿ, ಅಂದರೆ ಮಲವನ್ನೂ ಕಾಗದವನ್ನೂ ಕರಗಿಸುವ ಪುಡಿ. ಅದು ಕೆಲಸ ಮಾಡಲು ನೀರು ಬೇಕು, ಬೆಚ್ಚಗಿರಬೇಕು, ಕಾಲಾವಕಾಶವೂ ಬೇಕು. ಒಣಗಿದ ಗುಡ್ಡೆಯ ಮೇಲೆ ಉದುರಿಸಿದರೆ ಏನಾದೀತು? ಐಸ್ ತುಂಬಿ ಗಾಡಿ ಓಡಿಸಿದರೆ ಗೋಡೆ ಉಜ್ಜಿದಂತಾಗುತ್ತದೆ ಎಂಬ ಮಾತನ್ನು ನಂಬಿ ಎರಡು ದೊಡ್ಡ ಚೀಲ ಸುರಿದೆ. ಟೆಕ್ಸಸ್ ಬಿಸಿಲಿಗೆ ಅರ್ಧ ದಾರಿಯಲ್ಲೇ ಕರಗಿ ನೀರಾಯಿತು. ನೀರು ಮೆದುಗೊಳಿಸುವ ಪುಡಿಗೆ ಪಾತ್ರೆ ತೊಳೆಯುವ ದ್ರವ ಬೆರೆಸುವ ಪ್ರಸಿದ್ಧ ಉಪಾಯವೂ ಆಯಿತು. ನೊರೆ ಬಂತು, ಅಷ್ಟೇ. ಒತ್ತಡದ ನೀರಿನಿಂದ ತೊಳೆಯುವವರನ್ನು ವಿಚಾರಿಸಿದಾಗ ನಾಲ್ಕುನೂರರ ಹತ್ತಿರದ ಲೆಕ್ಕ ಹೇಳಿದರು. ಆ ಹಣಕ್ಕೆ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬರಬಹುದು ಎನಿಸಿತು.

ಕೊನೆಗೆ ಫಲ ಕೊಟ್ಟದ್ದು ನೀರು ಮತ್ತು ತಾಳ್ಮೆ. ವಾಲ್ವ್ ಮುಚ್ಚಿ, ಗುಡ್ಡೆಯ ತಲೆ ಪೂರ್ತಿ ಮುಳುಗುವವರೆಗೆ ಬಿಸಿನೀರು ತುಂಬಿಸಿದೆ. ಕೈಗೆ ಬಿಸಿ ತಾಗುವಷ್ಟಿದ್ದರೆ ಸಾಕು, ಕುದಿಯುವ ನೀರು ಸೀಲುಗಳಿಗೂ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಎನ್‌ಜೈಮನ್ನು ಆಗ ಹಾಕಿದೆ, ಉಳಿದಿದ್ದದ್ದನ್ನೆಲ್ಲ. ಮೂರ್ನಾಲ್ಕು ದಿನ ಮುಟ್ಟಲಿಲ್ಲ. ಬಳಿಕ ಟಾಯ್ಲೆಟ್ಟಿನ ಮೂಲಕ ಉದ್ದನೆಯ ತೊಳೆಯುವ ಕೊಳವೆ ಇಳಿಸಿ, ಗುಡ್ಡೆಯ ಬುಡವನ್ನು ಸುತ್ತಲೂ ಕೊರೆದೆ. ಎಲ್ಲರೂ ತಲೆಯ ಮೇಲೆ ನೀರು ಬಿಡುತ್ತಾರೆ, ಬುಡ ಸಡಿಲವಾದರೆ ತಲೆ ತಾನಾಗಿಯೇ ಕುಸಿಯುತ್ತದೆ. ಕೊಳವೆಯ ತುದಿಯನ್ನು ಇದಕ್ಕೆಂದೇ ಸ್ವಲ್ಪ ಮಾರ್ಪಡಿಸಿಕೊಂಡಿದ್ದೇನೆ. ಹೇಗೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆಮೇಲೆ ಟ್ಯಾಂಕ್ ಮುಕ್ಕಾಲು ತುಂಬಿದ್ದಾಗಲೇ ಜಲ್ಲಿ ರಸ್ತೆಯಲ್ಲಿ ಓಡಿಸಿದೆ. ಗ್ಯಾಲನ್ ನೀರಿಗೆ ಎಂಟು ಪೌಂಡಿಗೂ ಸ್ವಲ್ಪ ಹೆಚ್ಚು ತೂಕ, ಅಂದರೆ 250 ಪೌಂಡ್ ಗಾಡಿಯ ಒಂದೇ ಕಡೆ ತೂಗುತ್ತಿರುತ್ತದೆ. ಆದ್ದರಿಂದ ದೂರ ಹೋಗಬೇಡಿ, ವೇಗವೂ ಬೇಡ. ಡಂಪ್ ಸ್ಟೇಷನ್ನಿನಲ್ಲಿ (ಟ್ಯಾಂಕ್ ಖಾಲಿ ಮಾಡುವ ಜಾಗ) ಪಾರದರ್ಶಕ ಎಲ್ಬೋ, ಅಂದರೆ ಬಾಗಿದ ಕೊಳವೆಯ ತುಂಡು, ಹಾಕಿ ವಾಲ್ವ್ ಎಳೆದೆ. ಮೊದಲು ಕಂದು ನೀರು, ನಂತರ ನೆನೆದ ಕಾಗದದ ಮುದ್ದೆಗಳು, ಒಂದು ಕ್ಷಣ ಎಲ್ಲವೂ ನಿಂತು, ಹೋಸ್ ಒಮ್ಮೆ ನಡುಗಿ, ಮುಷ್ಟಿಗಾತ್ರದ ಉಂಡೆಗಳು ಒಂದರ ಹಿಂದೊಂದು ಉರುಳಿಬಂದವು. ಪಕ್ಕದ ಗಾಡಿಯವರು ನನ್ನ ನಗು ನೋಡಿ ಏನೆಂದುಕೊಂಡರೋ! ಇದನ್ನೇ ಮತ್ತೆ ಮತ್ತೆ ಮಾಡಿ, ಎಲ್ಬೋದಲ್ಲಿ ತಿಳಿನೀರು ಕಾಣುವವರೆಗೆ ಬಿಡಲಿಲ್ಲ. ಪ್ರತಿ ಡಂಪಿಗೆ ಹತ್ತು ಡಾಲರ್ ಕೊಟ್ಟದ್ದು ಮಾತ್ರ ಹೊಟ್ಟೆ ಉರಿಸಿತು.

ದೀಪ ಮಾತ್ರ ಆಗಲೂ ಸುಳ್ಳು ಹೇಳುತ್ತಿತ್ತು. ನಮ್ಮ ಕಡೆಯ ನೀರು ಸುಣ್ಣದ ಕಲ್ಲಿನ ಪದರದಿಂದ ಬರುವ ಗಡಸು ನೀರು. ಅದಕ್ಕೆ ಮೂತ್ರದ ಲವಣವೂ ಸೇರಿ ಸೆನ್ಸರಿನ ಮೊಳೆಗಳ ಮೇಲೆ ಪೊರೆ ಕಟ್ಟುತ್ತದೆ, ಆ ಒದ್ದೆ ಪೊರೆಯಲ್ಲೇ ವಿದ್ಯುತ್ ಹರಿದು ತುಂಬಿದೆ ಎನ್ನುತ್ತದೆ. ಸಿಟ್ರಿಕ್ ಆಮ್ಲದ ಪುಡಿ, ಅಂದರೆ ನಮ್ಮ ನಿಂಬೆ ಉಪ್ಪು, ಹಾಕಿ ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಖಾಲಿ ಮಾಡಿದರೆ ದೀಪ ಆರಿತು! ಬ್ಲೀಚ್ ಮಾತ್ರ ಹತ್ತಿರ ತರಬೇಡಿ. ಮೂತ್ರದೊಂದಿಗೆ ಸೇರಿದರೆ ಕ್ಲೋರಮೈನ್, ಆಮ್ಲದೊಂದಿಗೆ ಸೇರಿದರೆ ಕ್ಲೋರಿನ್. ಎರಡೂ ಉಸಿರಿಗೆ ವಿಷ. ಸೀಲುಗಳನ್ನೂ ಅದು ತಿನ್ನುತ್ತದೆ.

ಕೈಗವಸು, ಕನ್ನಡಕಗಳ ಬಗ್ಗೆ ನಿಮಗೆ ಹೇಳಬೇಕಿಲ್ಲ. ಆದರೆ ಟ್ಯಾಂಕ್ ತೊಳೆಯುವ ಹೋಸನ್ನು ಕುಡಿಯುವ ನೀರಿನ ಹೋಸಿನ ಜೊತೆ ಒಂದೇ ಡಬ್ಬಿಯಲ್ಲಿ ಸುತ್ತಿಡುವವರನ್ನು ಕಂಡಿದ್ದೇನೆ. ಬಣ್ಣವೂ ಬೇರೆ, ಜಾಗವೂ ಬೇರೆ ಇರಲಿ, ನಲ್ಲಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವೂ ಇರಲಿ. ಟಾಯ್ಲೆಟ್ ತೆರೆಯುವಾಗ ಛಾವಣಿಯ ಫ್ಯಾನ್ ಆರಿಸಿ. ಅದು ಓಡುತ್ತಿದ್ದರೆ ಟ್ಯಾಂಕಿನ ಗಾಳಿಯನ್ನೇ ಕೋಣೆಗೆ ಎಳೆದುಕೊಳ್ಳುತ್ತದೆ.

ನಮ್ಮವರಿಗೆ ಇಲ್ಲಿ ಒಂದು ಅನುಕೂಲವಿದೆ. ಚೊಂಬಿನಲ್ಲೋ ಕೈ ಸ್ಪ್ರೇಯಲ್ಲೋ ತೊಳೆದುಕೊಳ್ಳುವ ಮನೆಯಲ್ಲಿ ಕಾಗದ ಕಡಿಮೆ, ನೀರು ಧಾರಾಳ. ಟ್ಯಾಂಕ್ ಬೇಗ ತುಂಬುತ್ತದೆ, ನಿಜ. ಆದರೆ ಗುಡ್ಡೆ ಸುಲಭವಾಗಿ ಕಟ್ಟುವುದಿಲ್ಲ. ನಮಗೆ ಕಷ್ಟವಿರುವುದು ಗ್ರೇ ಟ್ಯಾಂಕಿನಲ್ಲಿ, ಅಂದರೆ ಸಿಂಕು, ಸ್ನಾನದ ನೀರು ಸೇರುವ ಟ್ಯಾಂಕಿನಲ್ಲಿ. ಒಗ್ಗರಣೆಯ ಎಣ್ಣೆ, ಅಕ್ಕಿ ತೊಳೆದ ನೀರು, ಸಾರಿನ ಗಸಿ ಎಲ್ಲ ಅಲ್ಲಿಗೇ ಹೋಗಿ, ಎರಡು ದಿನದ ಬಿಸಿಲಿಗೆ ಬ್ಲ್ಯಾಕ್ ಟ್ಯಾಂಕಿಗಿಂತ ಕೆಟ್ಟದಾಗಿ ನಾರುತ್ತದೆ. ಬಾಣಲೆಯನ್ನು ಕಾಗದದಲ್ಲಿ ಒರೆಸಿಯೇ ಸಿಂಕಿಗೆ ಇಳಿಸಬೇಕೆಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದ್ದೇನೆ. ಕಿತ್ತಳೆ, ನಿಂಬೆಯ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು, ನೀರು ಹತ್ತು ಸೇರಿಸಿ ಮೂರು ತಿಂಗಳು ಹುಳಿಹಿಡಿಸಿದ ದ್ರವವನ್ನೂ ಅಲ್ಲಿಗೆ ಸುರಿದು ನೋಡಿದೆ. ವಾಸನೆ ತುಸು ಇಳಿಯಿತು, ಜಿಡ್ಡು ಹಾಗೇ ಉಳಿಯಿತು. ಅಂಟುವಾಳದ ನೀರು ಜಿಡ್ಡಿಗೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಹುಳಿ ಮಜ್ಜಿಗೆಯ ಪ್ರಯೋಗದ ಬಗ್ಗೆ ನನ್ನ ಹೆಂಡತಿ ಬರೆಯಬಾರದು ಎಂದಿದ್ದಾಳೆ.

ಈಗ ಡಂಪ್ ಮಾಡಿದ ತಕ್ಷಣ ಐದಾರು ಗ್ಯಾಲನ್ ನೀರು ತುಂಬಿಸಿಯೇ ಹೊರಡುತ್ತೇನೆ. ಮುಕ್ಕಾಲು ತುಂಬುವವರೆಗೆ ವಾಲ್ವ್ ತೆರೆಯುವುದಿಲ್ಲ. ಬ್ಲ್ಯಾಕ್ ಮೊದಲು, ಗ್ರೇ ಆಮೇಲೆ, ಸೋಪಿನ ನೀರಿನಿಂದ ಹೋಸ್ ತೊಳೆದುಹೋಗಲಿ ಎಂದು. ಚಳಿಗಾಲಕ್ಕೆ ಮುಂಚೆ ಟಾಯ್ಲೆಟ್ಟಿನ ಸೀಲಿಗೆ ಸಿಲಿಕೋನ್ ಗ್ರೀಸ್ ಸವರುತ್ತೇನೆ. ಬೌಲಿನಲ್ಲಿ ನೀರು ನಿಲ್ಲದಿದ್ದರೆ ವಾಸನೆ ಅಲ್ಲಿಂದಲೇ ಬರುತ್ತಿದೆ ಎಂದರ್ಥ, ಇಪ್ಪತ್ತು ಡಾಲರಿನೊಳಗೆ ಹೊಸ ಸೀಲು ಸಿಗುತ್ತದೆ. ಗ್ರೇ ಟ್ಯಾಂಕಿನ ವಾಲ್ವ್ ಮೊನ್ನೆಯಿಂದ ಹನಿಹನಿಯಾಗಿ ಜಿನುಗುತ್ತಿದೆ, ಈ ವಾರಾಂತ್ಯ ಅದನ್ನು ಬಿಚ್ಚಬೇಕು.