ಬದನೆಕಾಯಿ ಹಾಳೆಯ ಲಸಾನಿಯಾ: ನಾನು ಮಾಡುವ ರೀತಿ

ಪಾಸ್ತಾ ನೀರು ಕುಡಿಯುತ್ತದೆ, ತರಕಾರಿ ನೀರು ಬಿಡುತ್ತದೆ. ಪಾಸ್ತಾ ಹಾಳೆ, ಸಾಸ್, ಚೀಸ್ ಪದರ ಪದರವಾಗಿ ಜೋಡಿಸಿ ಓವನ್ನಿನಲ್ಲಿ ಬೇಯಿಸುವ ಲಸಾನಿಯಾವನ್ನು ಕಾರ್ಬ್ (ಕಾರ್ಬೋಹೈಡ್ರೇಟ್) ಕಡಿಮೆ ಮಾಡಿ ತಯಾರಿಸಲು ಹೊರಟವರು ಮೊದಲು ತಿಳಿಯಬೇಕಾದದ್ದು ಇಷ್ಟೇ. ಪಾಸ್ತಾ ಹಾಳೆ ತೆಗೆದು ಆ ಜಾಗದಲ್ಲಿ ತರಕಾರಿ ಹೋಳು ಇಟ್ಟು, ಉಳಿದದ್ದನ್ನೆಲ್ಲ ಮೊದಲಿನಂತೆಯೇ ಮಾಡಿದರೆ ತಟ್ಟೆಗೆ ಬರುವುದು ಟೊಮೆಟೊ ನೀರಿನಲ್ಲಿ ತೇಲುವ ಚೀಸು. ಹಾಳೆ ಬದಲಾದರೆ ಸಾಸ್, ಚೀಸ್, ಓವನ್ನಿನ ಶಾಖ, ಕಾಯುವ ಹೊತ್ತು ಎಲ್ಲವೂ ಬದಲಾಗಬೇಕು. "ತರಕಾರಿ ಲಸಾನಿಯಾ ಚೆನ್ನಾಗಿರಲ್ಲ" ಎನ್ನುವವರಿಗೆ ಸಿಕ್ಕಿದ್ದು ಬಹುಶಃ ಹಾಳೆ ಮಾತ್ರ ಬದಲಾಗಿದ್ದ ಲಸಾನಿಯಾ.

ಇಟಲಿಯವರಿಗೆ ಇದು ಹೊಸ ಸಂಗತಿಯೂ ಅಲ್ಲ. ಬದನೆಕಾಯಿ, ಟೊಮೆಟೊ ಸಾಸ್, ಚೀಸ್ ಇಷ್ಟನ್ನೇ ಪದರ ಪದರವಾಗಿ ಜೋಡಿಸಿ ಬೇಯಿಸುವ ಪಾರ್ಮಿಜಾನಾ ದಕ್ಷಿಣ ಇಟಲಿಯಲ್ಲಿ ಹಿಂದಿನಿಂದಲೂ ಇದೆ. ಅದರಲ್ಲಿ ಪಾಸ್ತಾ ಇಲ್ಲ. ನಾನು ಮಾಡುವುದು ಅದಕ್ಕೂ ಬೊಲೊನ್ಯಾ ಕಡೆಯ ಬಿಳಿ ಸಾಸಿನ ಲಸಾನಿಯಾಕ್ಕೂ ನಡುವಿನ ಒಂದು ಅಡುಗೆ. ಪಾರ್ಮಿಜಾನಾಕ್ಕೆ ರೂಢಿಯಲ್ಲಿ ಬದನೆಕಾಯಿಯನ್ನು ಎಣ್ಣೆಯಲ್ಲಿ ಕರಿಯುತ್ತಾರೆ, ನಾನು ಕರಿಯುವುದಿಲ್ಲ.

ಯಾವ ತರಕಾರಿ ಎನ್ನುವ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಹೆಚ್ಚಿನವರು ಸೌತೆಕಾಯಿಯಂತೆ ಕಾಣುವ ಜುಕಿನಿ ಹಿಡಿಯುತ್ತಾರೆ, ಅದರಲ್ಲಿ ಕಾರ್ಬ್ ತೀರಾ ಕಡಿಮೆ ಅಂತ. ಸರಿಯೇ, 100 ಗ್ರಾಂ ಜುಕಿನಿಯಲ್ಲಿ ಸುಮಾರು 3 ಗ್ರಾಂ ಕಾರ್ಬೋಹೈಡ್ರೇಟ್, ಬದನೆಕಾಯಿಯಲ್ಲಿ ಸುಮಾರು 6. ಆದರೆ ಬದನೆಕಾಯಿಯ ಆ 6ರಲ್ಲಿ ಹೆಚ್ಚುಕಡಿಮೆ ಅರ್ಧ ನಾರು. ಜುಕಿನಿಯ ತೂಕದಲ್ಲಿ ನೂರಕ್ಕೆ 95ರಷ್ಟು ನೀರೇ ಇರುವುದರಿಂದ ಎಷ್ಟು ಹಿಂಡಿದರೂ ಅದು ಮತ್ತೆ ಒಸರುತ್ತದೆ. ಬದನೆಕಾಯಿಯಲ್ಲೂ ನೀರು 92ರ ಆಸುಪಾಸಿನಲ್ಲಿದೆ, ಆದರೆ ಬೆಂದ ಮೇಲೆ ಅದರ ತಿರುಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು, ಸಾಸಿನ ರುಚಿಯನ್ನು ಎಳೆದುಕೊಳ್ಳುತ್ತದೆ. ಬಾಯಿಗೆ ಪಾಸ್ತಾದ ನೆನಪು ತರುವುದು ಅದೇ. ಹಾಗಾಗಿ ನನ್ನ ಲೆಕ್ಕ ಎರಡು ಪಾಲು ಬದನೆಕಾಯಿ, ಒಂದು ಪಾಲು ಜುಕಿನಿ. ಜುಕಿನಿಯನ್ನು ಮೇಲಿನ ಪದರಕ್ಕೆ ಮಾತ್ರ ಇಡುತ್ತೇನೆ. ಅಲ್ಲಿ ಬಿಟ್ಟ ನೀರು ಆವಿಯಾಗಿ ಹೋಗಲು ದಾರಿಯಿದೆ. ಕೊನ್ಯಾಕು ಗೆಡ್ಡೆಯ ಹಾಳೆ, ಮೊಟ್ಟೆ ಹಾಳೆ, ಬರೀ ಚೀಸಿನ ಹಾಳೆ ಇವೆಲ್ಲ ಇವೆ. ನನಗೆ ಒಗ್ಗಲಿಲ್ಲ.

20×30 ಸೆಂಟಿಮೀಟರಿನ ಒಂದು ತಟ್ಟೆಗೆ, ಅಂದರೆ ಆರು ಜನಕ್ಕೆ, 800 ಗ್ರಾಂ ಬದನೆಕಾಯಿ ಮತ್ತು 400 ಗ್ರಾಂ ಜುಕಿನಿ ಬೇಕು. ದಪ್ಪನೆಯ ದೊಡ್ಡ ಬದನೆಕಾಯಿಯೇ ಆಗಬೇಕು, ಹಾಳೆ ಅಗಲ ಬರಲಿ ಎಂದು. ಸಿಪ್ಪೆ ಮಿರಮಿರ ಹೊಳೆಯುತ್ತಿರಬೇಕು, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ಭಾರ ಸಿಗಬೇಕು. ಹಗುರಾಗಿದ್ದರೆ ಒಳಗೆ ಬೆಂಡಾಗಿ ಬೀಜ ಕಂದಿರುತ್ತದೆ. ಉದ್ದುದ್ದಕ್ಕೆ, 6–7 ಮಿಲಿಮೀಟರ್ ದಪ್ಪಕ್ಕೆ ಸೀಳುತ್ತೇನೆ; ಜುಕಿನಿ 5 ಮಿಲಿಮೀಟರ್. ಪಾಸ್ತಾ ತೆಳ್ಳಗಿರುತ್ತದಲ್ಲ ಎಂದು ಇದನ್ನೂ ತೆಳ್ಳಗೆ ಕೊಯ್ಯಲು ಕೈ ಹೋಗುತ್ತದೆ. ಬೇಡ. ಪಾಸ್ತಾ ಬೆಂದಾಗ ಉಬ್ಬುತ್ತದೆ, ಇದು ಕುಗ್ಗುತ್ತದೆ. ಎರಡು ಮಿಲಿಮೀಟರಿನ ಹೋಳು ಓವನ್ನಿನಿಂದ ಬರುವಷ್ಟರಲ್ಲಿ ಕಾಗದವಾಗಿ, ಸಾಸಿನಲ್ಲಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಇನ್ನು ಉಪ್ಪು. ಈಗಿನ ಬದನೆಕಾಯಿಯಲ್ಲಿ ಕಹಿ ಅಷ್ಟಾಗಿ ಇಲ್ಲ, ಉಪ್ಪು ಸವರುವ ಅಗತ್ಯವಿಲ್ಲ ಎನ್ನುವವರಿದ್ದಾರೆ. ಕಹಿಯ ಮಟ್ಟಿಗೆ ಅವರ ಮಾತು ನಿಜ. ನಾನು ಉಪ್ಪು ಹಾಕುವುದು ಕಹಿಗಲ್ಲ, ನೀರಿಗೆ. ಅರ್ಧ ಕಿಲೋಗೆ ಒಂದು ಟೀ ಚಮಚದಂತೆ ಎರಡೂ ಬದಿಗೆ ತೆಳ್ಳಗೆ ಉದುರಿಸಿ, ಜಾಲರಿ ತಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡುತ್ತೇನೆ. ಹತ್ತು ನಿಮಿಷಕ್ಕೆ ಮೇಲ್ಮೈಯಲ್ಲಿ ಸಾಸಿವೆ ಗಾತ್ರದ ಹನಿಗಳು ಏಳುತ್ತವೆ. ಇಪ್ಪತ್ತಕ್ಕೆ ಹನಿಗಳು ಒಂದಾಗಿ ಅಂಚಿನತ್ತ ಹರಿಯಲು ಶುರು. ಮೂವತ್ತು–ನಲವತ್ತಕ್ಕೆ ಹೋಳಿನ ಬಿಗಿ ಸಡಿಲಿರುತ್ತದೆ. ಎತ್ತಿ ಹಿಡಿದರೆ ನೆಟ್ಟಗೆ ನಿಲ್ಲದೆ ಬಾಗಬೇಕು. ಆಗ ಬಟ್ಟೆಯ ನಡುವೆ ಇಟ್ಟು ಅಂಗೈಯಿಂದ ಒತ್ತಿ ಒರೆಸುವುದು. ತೊಳೆಯುವುದಿಲ್ಲ, ತೊಳೆದರೆ ತೆಗೆದ ನೀರನ್ನು ವಾಪಸ್ ಕೊಟ್ಟ ಹಾಗೆ. ಬದಲಿಗೆ ಸಾಸಿಗೆ ಉಪ್ಪು ಹಾಕುವುದನ್ನೇ ಬಿಡುತ್ತೇನೆ. ತರಕಾರಿಯಲ್ಲಿ ಉಳಿದದ್ದು, ಚೀಸಿನಲ್ಲಿ ಇರುವುದು ಸೇರಿ ಸಾಕಾಗುತ್ತದೆ.

ಉಪ್ಪಿನಿಂದ ಇನ್ನೊಂದು ಲಾಭವಿದೆ. ಹಸಿ ಬದನೆಕಾಯಿಯ ಒಳಗೆಲ್ಲ ಗಾಳಿಯ ಸಣ್ಣ ಸಣ್ಣ ಗೂಡುಗಳು. ಹಾಗೇ ಬಾಣಲೆಗೆ ಹಾಕಿದರೆ ಆ ಗೂಡುಗಳು ಸುರಿದಷ್ಟೂ ಎಣ್ಣೆ ಹೀರುತ್ತವೆ. ನೀರು ಬಿಟ್ಟು ಕುಸಿದ ಹೋಳಿಗೆ ಆ ದಾಹ ಇರುವುದಿಲ್ಲ. ಆದರೂ ನಾನು ಕರಿಯದೆ ಓವನ್ನಿಗೇ ಹೋಗುತ್ತೇನೆ: ಎರಡೂ ಬದಿಗೆ ಬ್ರಷ್ಷಿನಲ್ಲಿ ತೆಳ್ಳಗೆ ಆಲಿವ್ ಎಣ್ಣೆ, 220 ಡಿಗ್ರಿ ಸೆಲ್ಸಿಯಸ್, 20ರಿಂದ 25 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕುವುದು. ಟ್ರೇಯಲ್ಲಿ ಹೋಳಿನ ಮೇಲೆ ಹೋಳು ಬೀಳಬಾರದು. ಬಿದ್ದರೆ ಅದು ಸುಡುವುದಿಲ್ಲ, ಹಬೆಯಲ್ಲಿ ಬೇಯುತ್ತದೆ. ಜಾಗ ಸಾಲದಿದ್ದರೆ ಎರಡು ಸರದಿ ಮಾಡಿ. ಅಂಚು ಕಂದು ತಿರುಗಿ, ನಡುವೆ ಅಲ್ಲಲ್ಲಿ ಹೊನ್ನಿನ ಚುಕ್ಕೆ ಬಂದು, ಮುಟ್ಟಿದರೆ ಬೆರಳಿಗೆ ಒದ್ದೆ ತಗಲಬಾರದು. ಈ ಹಂತದಲ್ಲಿ ಅವಸರ ಮಾಡಿದರೆ ಮುಂದೆ ಯಾವ ಹಂತದಲ್ಲೂ ಸರಿಪಡಿಸಲಾಗುವುದಿಲ್ಲ. ಓವನ್ ಚಿಕ್ಕದಿದ್ದರೆ ದಪ್ಪ ತಳದ ತವಾದ ಮೇಲೆ, ಮುಚ್ಚಳ ಹಾಕದೆ, ಒಂದೊಂದೇ ಸುಟ್ಟುಕೊಂಡರೂ ನಡೆಯುತ್ತದೆ.

ಕೆಂಪು ಸಾಸಿಗೆ ಬರೋಣ. ಇಟಲಿಯ ಪಾಕಶಾಸ್ತ್ರ ಅಕಾಡೆಮಿ 1982ರಲ್ಲಿ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ರಾಗು ಸಾಸಿನ ರೆಸಿಪಿಯನ್ನು ಅಧಿಕೃತವಾಗಿ ದಾಖಲಿಸಿತು. ಅದನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ: ಟೊಮೆಟೊ ಇರುವುದು ಬರೀ ಚಮಚಗಳ ಲೆಕ್ಕದಲ್ಲಿ. ಮಾಂಸ, ಈರುಳ್ಳಿ, ಕ್ಯಾರೆಟ್, ಸೆಲರಿ ಇವುಗಳ ಸಾಸ್ ಅದು, ಟೊಮೆಟೊ ನೆಪಕ್ಕೆ. ನಮ್ಮ ಕೆಲಸಕ್ಕೆ ಬೇಕಾದದ್ದೂ ಇಂಥ ಗಟ್ಟಿ ಸಾಸೇ. ನಾನು ಮಾಂಸದ ಜಾಗದಲ್ಲಿ ಅಣಬೆ ಮತ್ತು ಅಕ್ರೋಟು ಬಳಸುತ್ತೇನೆ. ಮಾಂಸವಿಲ್ಲದ ರಾಗುವಿಗೆ ಹಲವರು ಬೇಳೆಕಾಳು ಹಾಕುತ್ತಾರೆ, ರುಚಿಗೆ ತಕರಾರಿಲ್ಲ; ಆದರೆ 100 ಗ್ರಾಂ ಬೆಂದ ಮಸೂರದಲ್ಲಿ 20 ಗ್ರಾಂ ಕಾರ್ಬ್ ಇರುವಾಗ ಪಾಸ್ತಾ ತೆಗೆದ ಶ್ರಮಕ್ಕೆ ಅರ್ಥವೇನು?

ಅರ್ಧ ಕಿಲೋ ಅಣಬೆಯನ್ನು ಕೊತ್ತಂಬರಿ ಕಾಳಿನಷ್ಟು ಸಣ್ಣಗೆ ಕೊಚ್ಚಿ, ಅಗಲವಾದ ಬಾಣಲೆಯಲ್ಲಿ ಎಣ್ಣೆ ಹಾಕದೆ ದೊಡ್ಡ ಉರಿಯಲ್ಲಿ ಇಡುತ್ತೇನೆ. ಮೊದಲು ನೀರು ಬಿಟ್ಟು ಕೊಳದಂತಾಗುತ್ತದೆ, ಗಾಬರಿ ಬೇಡ. ಆ ನೀರೆಲ್ಲ ಇಂಗಿ, ಬಾಣಲೆಯಲ್ಲಿ ಚಟಪಟ ಸದ್ದು ಶುರುವಾದ ಮೇಲೆಯೇ ಎರಡು ಚಮಚ ಎಣ್ಣೆ, ಸಣ್ಣಗೆ ಹೆಚ್ಚಿದ 100 ಗ್ರಾಂ ಈರುಳ್ಳಿ, ಸೆಲರಿಯ ಒಂದು ದಂಟು, ಮೂರು ಎಸಳು ಬೆಳ್ಳುಳ್ಳಿ. ಕ್ಯಾರೆಟ್ ಬಿಟ್ಟಿದ್ದೇನೆ. ಈರುಳ್ಳಿ ಕಂದಿದ ಮೇಲೆ ಒರಟಾಗಿ ಪುಡಿ ಮಾಡಿದ 60 ಗ್ರಾಂ ಅಕ್ರೋಟು, 400 ಗ್ರಾಂ ಡಬ್ಬಿಯ ಸಿಪ್ಪೆ ಸುಲಿದ ಟೊಮೆಟೊ, ಒಣ ಒರೆಗಾನೊ, ಮೆಣಸಿನ ಪುಡಿ. ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ಕೊಳ್ಳಿ, ಕೆಲವಕ್ಕೆ ಸಕ್ಕರೆ ಸೇರಿಸಿರುತ್ತಾರೆ. ಸಣ್ಣ ಉರಿಯಲ್ಲಿ, ಮುಚ್ಚದೆ, ಮುಕ್ಕಾಲು ಗಂಟೆ. ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆದರೆ ಎರಡೂ ಬದಿಯ ಸಾಸ್ ತಕ್ಷಣ ಹರಿದು ಬಂದು ಕೂಡಬಾರದು, ಗೆರೆ ಹಾಗೇ ನಿಲ್ಲಬೇಕು. ಪಾಸ್ತಾಕ್ಕಾದರೆ ಇಷ್ಟು ಬತ್ತಿಸಿದ ಸಾಸ್ ಗಂಟಲಿಗೆ ಸಿಕ್ಕಿಕೊಂಡೀತು. ಇಲ್ಲಿ ಇದೇ ಸರಿಯಾದ ಹದ.

ಬಿಳಿ ಸಾಸಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಪಾಸ್ತಾ ತೆಗೆದೆವು ಎಂದು ಸಮಾಧಾನಪಟ್ಟುಕೊಂಡು, 50 ಗ್ರಾಂ ಮೈದಾ ಮತ್ತು ಅರ್ಧ ಲೀಟರ್ ಹಾಲಿನ ಬೆಶಮೆಲ್ ಸುರಿದರೆ ಅದರಲ್ಲೇ 60 ಗ್ರಾಂ ದಾಟುವ ಕಾರ್ಬ್ ಇದೆ. ನಾನು ಅರ್ಧ ಕಿಲೋ ಹೂಕೋಸನ್ನು ಹಬೆಯಲ್ಲಿ ಚೆನ್ನಾಗಿ ಮೆತ್ತಗೆ ಬೇಯಿಸಿ (ನೀರಿನಲ್ಲಿ ಕುದಿಸುವುದಿಲ್ಲ, ಮತ್ತದೇ ಕಾರಣ), ಬೋಗುಣಿಯಲ್ಲಿ ಹರಡಿ ಹಬೆ ಆರಲು ಬಿಟ್ಟು, 100 ಮಿಲಿಲೀಟರ್ ಕ್ರೀಮ್, 30 ಗ್ರಾಂ ಬೆಣ್ಣೆ, 50 ಗ್ರಾಂ ತುರಿದ ಪಾರ್ಮೆಸಾನ್, ಚಿಟಿಕೆ ಜಾಯಿಕಾಯಿ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬುತ್ತೇನೆ. ಉಗುರು ಬೆಚ್ಚಗಾದ ಮೇಲೆ ಒಂದು ಮೊಟ್ಟೆ ಒಡೆದು ಕಲಸುವುದು. ಓವನ್ನಿನಲ್ಲಿ ಆ ಮೊಟ್ಟೆ ಗಟ್ಟಿಯಾಗಿ ಪದರಗಳನ್ನು ಹಿಡಿದು ನಿಲ್ಲಿಸುತ್ತದೆ. ಪಾಸ್ತಾದ ಪಿಷ್ಟ ಮಾಡುತ್ತಿದ್ದ ಕೆಲಸದಲ್ಲಿ ಒಂದು ಭಾಗವನ್ನು ಅದು ವಹಿಸಿಕೊಳ್ಳುತ್ತದೆ. ಮೊಟ್ಟೆ ಬೇಡದವರು ಅದರ ಬದಲು ಎರಡು ದೊಡ್ಡ ಚಮಚ ಕ್ರೀಮ್ ಚೀಸ್ ಹಾಕಬಹುದು, ತುಂಡು ಸ್ವಲ್ಪ ಸಡಿಲ ಬರುತ್ತದೆ ಅಷ್ಟೆ. ಜಾಯಿಕಾಯಿ ಮಾತ್ರ ಬಿಡಬೇಡಿ. ಹೂಕೋಸಿನ ವಾಸನೆಯನ್ನು ಅಡಗಿಸಿ, ಇದು ಬೆಶಮೆಲ್ಲೇ ಎಂದು ನಾಲಿಗೆಯನ್ನು ನಂಬಿಸುವುದು ಅದೇ.

ಚೀಸಿನ ಬಗ್ಗೆ ಎರಡು ಮಾತು. ನೀರಿನಲ್ಲಿ ತೇಲಿಸಿಟ್ಟ ತಾಜಾ ಮೊಝರೆಲ್ಲಾ ಇಲ್ಲಿಗೆ ಬೇಡ, ತೇವ ಕಡಿಮೆ ಇರುವ ಗಟ್ಟಿ ಮೊಝರೆಲ್ಲಾ 200 ಗ್ರಾಂ ತಂದು ಮನೆಯಲ್ಲೇ ತುರಿಯಿರಿ. ತುರಿದು ಪೊಟ್ಟಣದಲ್ಲಿ ಮಾರುವ ಚೀಸಿಗೆ ಎಳೆಗಳು ಅಂಟದಿರಲೆಂದು ಅನೇಕ ಸಲ ಪಿಷ್ಟ ಬೆರೆಸಿರುತ್ತಾರೆ. ಇನ್ನೊಂದು, ಸಸ್ಯಾಹಾರಿಗಳಿಗೆ: ಅಸಲಿ ಪಾರ್ಮೆಸಾನ್, ಅಂದರೆ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಬೇಡವೆಂದಾದರೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಬಳಸಿದ ಗಟ್ಟಿ ಚೀಸ್ ಸಿಗುತ್ತದೆ, ಪೊಟ್ಟಣ ನೋಡಿ ಆರಿಸಿಕೊಳ್ಳಿ.

ಜೋಡಿಸುವುದರಲ್ಲಿ ಹೆಚ್ಚೇನೂ ಇಲ್ಲ. ತಳದಲ್ಲಿ ಸಾಸಿನ ತೆಳು ಲೇಪ, ಅದರ ಮೇಲೆ ಬದನೆಕಾಯಿ ಹಾಳೆ, ಕೆಂಪು ಸಾಸ್, ಬಿಳಿ ಸಾಸ್, ಸ್ವಲ್ಪ ಚೀಸ್. ಮತ್ತೆ ಬದನೆಕಾಯಿ, ಈ ಸಲ ಮೊದಲ ಪದರಕ್ಕೆ ಅಡ್ಡಡ್ಡ. ಹೀಗೆ ಒಂದು ಉದ್ದ ಒಂದು ಅಡ್ಡ ಇಟ್ಟರೆ ಕತ್ತರಿಸುವಾಗ ಹಾಳೆ ಚಾಕುವಿನ ಜೊತೆ ಎಳೆದುಕೊಂಡು ಬರುವುದಿಲ್ಲ. ಕೊನೆಗೆ ಜುಕಿನಿ, ಉಳಿದ ಬಿಳಿ ಸಾಸ್, ಉಳಿದ ಚೀಸ್.

ಪಾಸ್ತಾ ಲಸಾನಿಯಾಕ್ಕೆ ಮೊದಲರ್ಧ ಗಂಟೆ ಫಾಯಿಲ್ ಮುಚ್ಚಿಡುವ ರೂಢಿಯಿದೆ, ಒಳಗಿನ ಹಬೆಯಲ್ಲಿ ಹಾಳೆ ಬೇಯಲಿ ಎಂದು. ಇಲ್ಲಿ ಹಾಳೆ ಆಗಲೇ ಬೆಂದಿದೆ, ಹಬೆಯೇ ನಮ್ಮ ಶತ್ರು. ಆದ್ದರಿಂದ ಆರಂಭದಿಂದಲೇ ತೆರೆದಿಟ್ಟು, 190 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಅಂಚಿನಲ್ಲಿ ಏಳುವ ಗುಳ್ಳೆಗಳನ್ನು ಗಮನಿಸಿ: ಮೊದಲು ತೆಳ್ಳಗೆ, ಬೇಗ ಬೇಗ ಒಡೆಯುತ್ತವೆ, ನೀರು ಇಂಗಿದಂತೆ ನಿಧಾನವಾಗಿ, ದಪ್ಪಗೆ ಉಬ್ಬಿ ಒಡೆಯುತ್ತವೆ. ಆಗ ಹೊರಗೆ ತೆಗೆಯುವ ಹೊತ್ತು. ಆಮೇಲೆ 25 ನಿಮಿಷ ಮುಟ್ಟಬೇಡಿ. ಬಿಸಿಯಲ್ಲಿ ಕತ್ತರಿಸಿದರೆ ಪದರಗಳು ಜಾರುತ್ತವೆ. ಆರುತ್ತಾ ಬಂದಂತೆ ಚೀಸ್ ಬಿಗಿದು, ಮೊಟ್ಟೆ ಕೂತು, ಚೌಕ ಚೌಕವಾಗಿ ಏಳುತ್ತದೆ.

ಲೆಕ್ಕ ಕೇಳುವವರಿಗಾಗಿ. ಇದೇ ತಟ್ಟೆಯನ್ನು 250 ಗ್ರಾಂ ಒಣ ಪಾಸ್ತಾ ಹಾಳೆ ಮತ್ತು ಮೈದಾದ ಬೆಶಮೆಲ್ ಹಾಕಿ, ಇದೇ ಕೆಂಪು ಸಾಸಿನಲ್ಲಿ ಮಾಡಿದರೆ ಒಬ್ಬರ ಪಾಲಿಗೆ ಸುಮಾರು 50 ಗ್ರಾಂ ಕಾರ್ಬ್ ಬರುತ್ತದೆ. ನನ್ನ ವಿಧಾನದಲ್ಲಿ 24ರ ಆಸುಪಾಸು. ನಾರು ಕಳೆದರೆ 15. ಸೊನ್ನೆ ಅಲ್ಲ. ಒಂದೂಕಾಲು ಕಿಲೋದಷ್ಟು ತರಕಾರಿ, ಮೇಲೆ ಟೊಮೆಟೊ, ಈರುಳ್ಳಿ, ಹೂಕೋಸು ಸೇರಿದರೆ ಅದೂ ಒಟ್ಟಾಗುತ್ತದೆ. ದಿನಕ್ಕೆ 20 ಗ್ರಾಂ ಮಿತಿ ಹಾಕಿಕೊಂಡವರಿಗೆ ಇದೊಂದೇ ಊಟ ಬಹುಪಾಲನ್ನು ನುಂಗುತ್ತದೆ. ಜೊತೆಗೆ, ಕಾರ್ಬ್ ಕಡಿಮೆ ಎಂದರೆ ಕ್ಯಾಲೊರಿ ಕಡಿಮೆ ಎಂದಲ್ಲ. ಬೆಣ್ಣೆ, ಕ್ರೀಮ್, ಅಕ್ರೋಟು, ಕಾಲು ಕಿಲೋ ಚೀಸು ಎಲ್ಲಿಗೂ ಹೋಗಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟದ ಕಾರ್ಬನ್ನು ಒಮ್ಮೆಲೇ ಹೀಗೆ ತಗ್ಗಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಡೋಸ್ ಹಾಗೇ ಇದ್ದು ಊಟ ಮಾತ್ರ ಬದಲಾದರೆ ಸಕ್ಕರೆ ತೀರಾ ಕೆಳಗಿಳಿಯಬಹುದು.

ಉಳಿದದ್ದು ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಫ್ರೀಜರಿಗೆ ಹಾಕಬೇಡಿ: ಹೆಪ್ಪುಗಟ್ಟಿದ ನೀರು ತರಕಾರಿಯ ಕೋಶಗಳನ್ನು ಒಡೆದು, ಕರಗಿಸಿದಾಗ ಅಳಿದುಳಿದ ನೀರೂ ಹೊರಬರುತ್ತದೆ. ಬಿಸಿ ಮಾಡಲು ಮೈಕ್ರೊವೇವ್‌ಗಿಂತ ಬಾಣಲೆ ಮೇಲು. ತಣ್ಣನೆಯ ತುಂಡನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು, ತಳ ಗರಿಯಾಗುವವರೆಗೆ ಬಿಡಿ. ನನಗಂತೂ ಮೊದಲ ದಿನದ್ದಕ್ಕಿಂತ ಆ ಗರಿ ತಳದ ಎರಡನೇ ದಿನದ ತುಂಡೇ ಇಷ್ಟ.