ಟ್ರೈಪಾಡ್ ಇಲ್ಲದೆ ಕ್ರಿಸ್‌ಮಸ್ ಸಂತೆಯ ರಾತ್ರಿ ಫೋಟೊ

ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಅಷ್ಟು ಹೊತ್ತಿಗೆ ಊರ ನಡುವಿನ ಹಾಪ್ಟ್‌ಮಾರ್ಕ್ಟ್ ಚೌಕದಲ್ಲಿ ಸುಮಾರು 180 ಮರದ ಅಂಗಡಿಗಳು ದೀಪ ಹಚ್ಚಿಕೊಂಡು ಕೂತಿರುತ್ತವೆ. ಎಲ್ಲದರ ಮೇಲೂ ಕೆಂಪು-ಬಿಳಿ ಪಟ್ಟೆಯ ಬಟ್ಟೆ ಹೊದಿಕೆ. ಇದೇ ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್ ಎಂಬ ಕ್ರಿಸ್‌ಮಸ್ ಸಂತೆ. 1628ರಷ್ಟು ಹಿಂದೆಯೇ ಇದರ ಹೆಸರು ಬರಹದಲ್ಲಿ ಸಿಗುತ್ತದೆ. ಅಡ್ವೆಂಟ್‌ನ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿ) ಮೊದಲ ಭಾನುವಾರಕ್ಕೆ ಮುಂಚಿನ ಶುಕ್ರವಾರ ಶುರುವಾಗಿ ಡಿಸೆಂಬರ್ 24ರವರೆಗೆ ನಡೆಯುತ್ತದೆ.

ಓದು, ಕೆಲಸ ಅಂತ ಜರ್ಮನಿಗೆ ಹೋದ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಇಂಥ ಸಂತೆಯಿಂದ ಅವರು ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸುವ ಫೋಟೊಗಳಲ್ಲಿ ಎರಡು ತೊಂದರೆ ಸಾಮಾನ್ಯ. ಒಂದೋ ಮುಖಗಳೆಲ್ಲ ಅಲ್ಲಾಡಿ ಕಲಸಿಹೋಗಿರುತ್ತವೆ. ಇಲ್ಲವೇ ಅಂಗಡಿ ಪೂರ್ತಿ ಬೆಳ್ಳಗಾಗಿ, ಒಳಗೆ ಏನು ಮಾರುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಎರಡಕ್ಕೂ ಮೂಲ ಒಂದೇ. ಕಪ್ಪು ಆಕಾಶ, ಜನರ ಕಪ್ಪು ಕೋಟು ನೋಡಿದ ಕ್ಯಾಮೆರಾ 'ಅಯ್ಯೋ ಎಷ್ಟು ಕತ್ತಲು' ಎಂದುಕೊಂಡು ಶಟರನ್ನು, ಅಂದರೆ ಬೆಳಕು ಒಳಬಿಡುವ ಬಾಗಿಲನ್ನು, ಜಾಸ್ತಿ ಹೊತ್ತು ತೆರೆದಿಡುತ್ತದೆ. ಆಗ ಜನ ಅಲ್ಲಾಡುತ್ತಾರೆ, ದೀಪ ಸುಟ್ಟುಹೋಗುತ್ತದೆ. ನಿಜ ಹೇಳಬೇಕೆಂದರೆ ಸಂತೆಯಲ್ಲಿ ಬೆಳಕು ಬೇಕಾದಷ್ಟಿದೆ. ಅದಿರುವ ಕಡೆ ಮಾತ್ರ ಅಳೆಯಬೇಕು, ಕತ್ತಲನ್ನು ಕತ್ತಲಾಗಿಯೇ ಬಿಡಬೇಕು. ಕೆಳಗಿನ ಹೆಜ್ಜೆಗಳೆಲ್ಲ ಇದನ್ನೇ ಮಾಡಿಸುವುದಕ್ಕೆ.

ಟ್ರೈಪಾಡ್ ಮರೆತುಬಿಡಿ. ಭುಜಕ್ಕೆ ಭುಜ ತಾಗುವ ಗುಂಪಿನಲ್ಲಿ ಮೂರು ಕಾಲು ಹರಡಿದರೆ ಯಾರಾದರೂ ಎಡವಿ ಬೀಳುವುದು ಖಚಿತ. ಇನ್ನೊಂದು ಕಾರಣವೂ ಇದೆ. ಟ್ರೈಪಾಡ್ ನಿಮ್ಮ ಕ್ಯಾಮೆರಾವನ್ನು ಹಿಡಿದು ನಿಲ್ಲಿಸುತ್ತದೆ, ಜನರನ್ನಲ್ಲ.

ಹೆಜ್ಜೆ 1: ಕತ್ತಲಾಗುವ ಮೊದಲೇ ಹೋಗಿ

ರಾತ್ರಿ ಫೋಟೊ ಎಂದರೆ ಎಂಟು ಗಂಟೆಗೆ ಹೋಗಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಎಂಟಕ್ಕೆ ಆಕಾಶ ಬರೀ ಕಪ್ಪು. ಚರ್ಚಿನ ಗೋಪುರ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಕಾಣುವುದೇ ಇಲ್ಲ. ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆ ಬೇರೆಯದೇ ಕಥೆ. ಆಕಾಶ ಗಾಢ ನೀಲಿ, ದೀಪ ಹಳದಿ, ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಬೆಳಕು. ಕ್ಯಾಮೆರಾಗೆ ಇದಕ್ಕಿಂತ ಸುಲಭದ ಹೊತ್ತು ಇನ್ನೊಂದಿಲ್ಲ. ನ್ಯೂರೆಂಬರ್ಗ್‌ನಲ್ಲಿ ಇದು ಸುಮಾರು 4:30ರಿಂದ 4:50ರ ತನಕ. ಅಷ್ಟೇ. ನಾಲ್ಕಕ್ಕೇ ಹೋಗಿ ಜಾಗ ನೋಡಿಟ್ಟುಕೊಳ್ಳಿ.

ಈ ಇಪ್ಪತ್ತು ನಿಮಿಷ ಹೇಗೆ ಕಳೆಯಬೇಕು ಎನ್ನುವುದಕ್ಕೂ ಲೆಕ್ಕ ಇದೆ. ಚೌಕದ ಪೂರ್ವ ಬದಿಗೆ ಫ್ರಾವೆನ್‌ಕಿರ್ಖೆ ಚರ್ಚ್. ವಾಯವ್ಯ ಮೂಲೆಯಲ್ಲಿ ಸುಮಾರು 19 ಮೀಟರ್ ಎತ್ತರದ 'ಶ್ಯೋನರ್ ಬ್ರುನ್ನೆನ್' ಕಾರಂಜಿ. ಸಂಜೆ ಮೊದಲು ಕಪ್ಪಾಗುವುದು ಪೂರ್ವದ ಆಕಾಶ, ಅಂದರೆ ಚರ್ಚಿನ ಹಿಂದಿನದು. ಹಾಗಾಗಿ ಮೊದಲು ಕಾರಂಜಿಯ ಕಡೆ ನಿಂತು, ಪಟ್ಟೆ ಬಟ್ಟೆಯ ಸಾಲುಗಳ ಮೇಲಿಂದ ಚರ್ಚ್ ಕಾಣುವ ಫೋಟೊ ಮುಗಿಸಿಬಿಡಿ. ಆಮೇಲೆ ತಿರುಗಿ. ಪಶ್ಚಿಮದಲ್ಲಿ ಇನ್ನೂ ಐದ್ಹತ್ತು ನಿಮಿಷ ಬೆಳಕು ಉಳಿದಿರುತ್ತದೆ, ಕಾರಂಜಿಯ ಮೊನಚು ತುದಿ ಅದರ ಮುಂದೆ ಚೆನ್ನಾಗಿ ಎದ್ದು ಕಾಣುತ್ತದೆ. ಎದುರಿಗೆ ಬರೀ ತಲೆಗಳೇ ಕಾಣುತ್ತಿದ್ದರೆ ಕ್ಯಾಮೆರಾದ ಪರದೆಯನ್ನು ಕೆಳಕ್ಕೆ ಬಗ್ಗಿಸಿ, ಕೈ ಮೇಲೆತ್ತಿ ತೆಗೆಯಿರಿ.

ಹೆಜ್ಜೆ 2: ಮೂರು ಅಂಕಿ ಮೊದಲೇ ಕೂರಿಸಿಕೊಳ್ಳಿ

ಲೆನ್ಸ್ ಒಂದೇ ಸಾಕು. 35 ಅಥವಾ 50 ಎಂಎಂನ ಎಫ್ 1.8 ಲೆನ್ಸ್ ಇದ್ದರೆ ಅದನ್ನೇ ಒಯ್ಯಿರಿ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಅಗಲ ತುದಿಯಲ್ಲಿ ಎಫ್ 3.5ಕ್ಕೆ ತೆರೆದುಕೊಳ್ಳುತ್ತದೆ. ಎಫ್ 1.8ರಲ್ಲಿ ಅದರ ಹತ್ತಿರಹತ್ತಿರ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಕಿಟ್ ಲೆನ್ಸ್‌ನಲ್ಲಿ ಜೂಮ್ ಮಾಡಿದರೆ ಎಫ್ 5.6ಕ್ಕೆ ಇಳಿದು ಇನ್ನೂ ಕಷ್ಟ. ಅದೊಂದೇ ಇದ್ದರೆ ಜೂಮ್ ಮಾಡಬೇಡಿ, ನಡೆದು ಹತ್ತಿರ ಹೋಗಿ.

ಕ್ಯಾಮೆರಾವನ್ನು ಮ್ಯಾನ್ಯುವಲ್‌ಗೆ ಹಾಕಿ. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 2, ಕಿಟ್ ಲೆನ್ಸಾದರೆ ಎಫ್ 3.5. ಶಟರ್ 1/125 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ. ಐಎಸ್‌ಒ ಮಿತಿ 6400 ಇರಲಿ. ನಡೆಯುವ ಜನ 1/125ರಲ್ಲಿ ಸಾಕಷ್ಟು ನಿಲ್ಲುತ್ತಾರೆ. ಗ್ಲೂವೈನ್ (ಮಸಾಲೆ ಹಾಕಿದ ಬಿಸಿ ವೈನ್) ಮಗ್ ಹಿಡಿದು ನಿಂತು ಮಾತಾಡುವವರಿಗೆ 1/60 ಸಾಕು. ಜನರೇ ಇಲ್ಲದ ಗೋಪುರ, ಕಾರಂಜಿಗೆ 1/30ರಲ್ಲೂ ಸ್ಥಿರವಾಗಿ ತೆಗೆಯಬಹುದು. ಕ್ಯಾಮೆರಾದಲ್ಲಿ ಸ್ಟೆಬಿಲೈಸೇಷನ್ ಇದ್ದರೆ ಇನ್ನೂ ನಿಧಾನಕ್ಕೆ ಹೋಗಬಹುದು. ಆದರೆ ಅದು ತಡೆಯುವುದು ನಿಮ್ಮ ಕೈ ನಡುಕವನ್ನು ಮಾತ್ರ. ಎದುರಿಗಿರುವ ಮಗು ಓಡಿದರೆ ಅದಕ್ಕೇನೂ ಮಾಡಲಾಗದು.

ಐಎಸ್‌ಒ ಜಾಸ್ತಿಯಾದರೆ ಫೋಟೊ ಕಾಳುಕಾಳಾಗುತ್ತದೆ ಅಂತ ಹೆದರುವವರಿದ್ದಾರೆ. ಆಗಲಿ ಬಿಡಿ. ಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಡಿಮೆ ಮಾಡಬಹುದು, ಶೇಕ್ ಆದ ಮುಖವನ್ನು ಸರಿಮಾಡುವುದು ಕಷ್ಟ. ನನ್ನನ್ನು ಕೇಳಿದರೆ 3200ರ ತನಕ ಯೋಚನೆಯನ್ನೇ ಮಾಡಬೇಡಿ.

ಇನ್ನು ಮುಖ್ಯವಾದದ್ದು. ಫೋಟೊವನ್ನು ಬೇಕೆಂದೇ ಕಪ್ಪಗೆ ಅಥವಾ ಬೆಳ್ಳಗೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೈನಸ್ 0.7ಕ್ಕೆ ಇಳಿಸಿ. ಚೌಕಟ್ಟಿನಲ್ಲಿ ಆಕಾಶ ಜಾಸ್ತಿ ಇದ್ದರೆ ಮೈನಸ್ 1. ಪರದೆಯ ಮೇಲೆ ಫೋಟೊ ಸ್ವಲ್ಪ ಕಪ್ಪು ಎನಿಸಬಹುದು, ಆದರೆ ಬಲ್ಬಿನ ಸುತ್ತಲಿನ ಮರದ ಬಣ್ಣ, ಬಟ್ಟೆಯ ಕೆಂಪು ಪಟ್ಟೆ ಎಲ್ಲ ಉಳಿದಿರುತ್ತದೆ. ಬಲ್ಬು ಬೆಳ್ಳಗಾದರೆ ಚಿಂತೆಯಿಲ್ಲ, ಬಲ್ಬು ಇರುವುದೇ ಹಾಗೆ. ಕ್ಯಾಮೆರಾ ಹಿಡಿದ ಮಾಹಿತಿಯನ್ನೆಲ್ಲ ಉಳಿಸುವ ರಾ ಫೈಲ್‌ನಲ್ಲಿ ತೆಗೆದರೆ ಕಪ್ಪಾದ ಭಾಗವನ್ನು ಆಮೇಲೆ ಎತ್ತಿಕೊಳ್ಳಬಹುದು. ಬೆಳ್ಳಗೆ ಸುಟ್ಟ ಭಾಗದಲ್ಲಿ ಮಾತ್ರ ಎತ್ತಿಕೊಳ್ಳಲು ಏನೂ ಇರುವುದಿಲ್ಲ.

ಬೆಳಕಿನ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಕೆಲವು ಕ್ಯಾಮೆರಾಗಳು ಹಳದಿಯನ್ನೆಲ್ಲ ತೊಳೆದು ಆಸ್ಪತ್ರೆ ಬೆಳಕು ಮಾಡಿಬಿಡುತ್ತವೆ. 3500 ಕೆಲ್ವಿನ್ ಸುತ್ತಮುತ್ತ ಇಟ್ಟರೆ ದೀಪದ ಬಿಸುಪೂ ಉಳಿಯುತ್ತದೆ, ಆಕಾಶದ ನೀಲಿಯೂ ಉಳಿಯುತ್ತದೆ.

ಫ್ಲ್ಯಾಶ್ ಬೇಡವೇ ಬೇಡ.

ಹೆಜ್ಜೆ 3: ಹಿಡಿಯುವುದನ್ನು ಕಲಿಯಿರಿ

ಎಡಗೈ ಅಂಗೈಯನ್ನು ಲೆನ್ಸಿನ ಕೆಳಗಿಡಿ, ಪಕ್ಕದಿಂದ ಹಿಡಿಯಬೇಡಿ. ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ. ಒಂದು ಕಾಲು ಅರ್ಧ ಹೆಜ್ಜೆ ಮುಂದೆ. ಕಣ್ಣನ್ನು ವ್ಯೂಫೈಂಡರಿಗೆ ಒತ್ತಿದರೆ ಹಣೆಯೂ ಒಂದು ಆಸರೆ. ಪರದೆ ನೋಡಿಕೊಂಡು ತೆಗೆಯುವವರು ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಅದು ಬಿಗಿಯಾಗುವ ತನಕ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಹಿಡಿಯಿರಿ. ಉಸಿರು ಅರ್ಧ ಬಿಟ್ಟು, ಬಟನನ್ನು ಮೆಲ್ಲಗೆ ಒತ್ತಿ. ಅವಸರದಲ್ಲಿ ಕುಟ್ಟಿದರೆ ಆ ಕುಟ್ಟಿಗೇ ಕ್ಯಾಮೆರಾ ಅದುರುತ್ತದೆ.

ಒಂದರ ಬದಲು ಬರ್ಸ್ಟ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸರಸರನೆ, ಮೂರ್ನಾಲ್ಕು ಹೊಡೆಯಿರಿ. ಮೊದಲನೆಯದು ಬೆರಳಿನ ಒತ್ತಡಕ್ಕೆ ಅಲ್ಲಾಡಿರಬಹುದು, ನಡುವಿನದು ಸಾಮಾನ್ಯವಾಗಿ ನಿಂತಿರುತ್ತದೆ. ದೀಪದ ಕಂಬ, ಗೋಡೆಯ ಮೂಲೆ, ಗ್ಲೂವೈನ್ ಕುಡಿಯುವವರಿಗೆ ಇಟ್ಟ ಎತ್ತರದ ಮೇಜು, ಯಾವುದು ಸಿಕ್ಕರೂ ಒರಗಿಕೊಳ್ಳಿ. ಮೇಜಿನ ಮೇಲೆ ಮಡಚಿಟ್ಟ ಕೈಗವಸೂ ಕ್ಯಾಮೆರಾಗೆ ಒಳ್ಳೆಯ ದಿಂಬು.

ಈಗಿನ್ನೂ ಬೆಂಗಳೂರಿನಲ್ಲಿದ್ದು, ಡಿಸೆಂಬರಿಗೆ ಟಿಕೆಟ್ ಮಾಡಿಸಿದ್ದೀರಾ? ಹಾಗಾದರೆ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಒಂದು ಸಂಜೆ ಅಭ್ಯಾಸ ಮಾಡಿ. ಕಾರ್ತಿಕದ ಕೊನೆಯ ಸೋಮವಾರ ಬರುವ ಪರಿಷೆ, ಕೆಲವು ವರ್ಷ ಸಂತೆ ಶುರುವಾಗುವ ಮೊದಲೇ ಬೀಳುತ್ತದೆ. ಗುಂಪು, ಬೀದಿ ದೀಪ, ಅಂಗಡಿ ಸಾಲು ಎಲ್ಲ ಇದೆ. ಚಳಿ ಒಂದಿಲ್ಲ.

ಹೆಜ್ಜೆ 4: ದೀಪದ ಆಟ ಗಮನಿಸಿ

ಎಲ್‌ಇಡಿ ದೀಪಗಳಲ್ಲಿ ಒಂದು ತರಲೆ ಇದೆ. ಜರ್ಮನಿಯ ಕರೆಂಟೂ ನಮ್ಮ ಹಾಗೆ 50 ಹರ್ಟ್ಸ್. ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಫೋಟೊದಲ್ಲಿ ಅಡ್ಡ ಪಟ್ಟೆಯಾಗಿ ಬರುತ್ತದೆ. ಹಾಗಾದರೆ ಸೈಲೆಂಟ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರಿಗೆ ಬನ್ನಿ, ವೇಗವನ್ನು 1/100 ಅಥವಾ 1/50ಕ್ಕೆ ಇಡಿ. ಪಟ್ಟೆ ಹೋಗುತ್ತದೆ.

ಇನ್ನು ಅಂಗಡಿಯೊಂದರ ಮುಂದೆ ನಿಲ್ಲೋಣ. ನ್ಯೂರೆಂಬರ್ಗ್‌ನ ವಿಶೇಷ ಆಟಿಕೆ ಎಂದರೆ ಟ್ಸ್ವೆಚ್‌ಗೆನ್‌ಮೆನ್ಲೆ. ಒಣಗಿದ ಪ್ಲಮ್ ಹಣ್ಣಿನ ಕೈಕಾಲು, ಅಕ್ರೋಟಿನ ತಲೆ, ಅದರ ಮೇಲೊಂದು ಟೋಪಿ. ಗೇಣುದ್ದದ ಈ ಬೊಂಬೆಗಳು ಸಾಲಾಗಿ ನಿಂತಿರುತ್ತವೆ, ತಲೆಯ ಮೇಲೆ ಬಲ್ಬು. ನೇರ ಎದುರಿಗೆ ನಿಂತು ತೆಗೆದರೆ ಬಲ್ಬು ಚೌಕಟ್ಟಿನೊಳಗೆ ಬಂದು ಎಲ್ಲವನ್ನೂ ನುಂಗುತ್ತದೆ. ಮೊಣಕಾಲು ಬಗ್ಗಿಸಿ ಬೊಂಬೆಯ ಮಟ್ಟಕ್ಕೆ ಇಳಿಯಿರಿ. ಬಲ್ಬನ್ನು ಚಾವಣಿಯ ಅಂಚಿನ ಹಿಂದೆ ಅಡಗಿಸಿ. ಈಗ ಬೆಳಕು ಮೇಲಿನಿಂದ ಅಕ್ರೋಟಿನ ಗೆರೆಗಳ ಮೇಲೆ ಜಾರುತ್ತದೆ, ಬರೆದ ಕಣ್ಣುಮೂಗಿಗೆ ಒಂದು ಮುಖಭಾವ ಬರುತ್ತದೆ. ಒಂದೇ ಬೊಂಬೆಯ ಕಣ್ಣಿಗೆ ಫೋಕಸ್ ಮಾಡಿ. ಹಿಂದಿನ ಸಾಲು ತಾನಾಗಿ ಮಸುಕಾಗುತ್ತದೆ, ಎದುರಿನ ಅಂಗಡಿಯ ದೀಪಗಳು ದುಂಡಗೆ ತೇಲುತ್ತವೆ.

ಹಬೆ, ಹೊಗೆಗೆ ಇದರ ಉಲ್ಟಾ. ಬಿಸಿ ವೈನಿನ ಹಬೆ ಕಾಣಬೇಕೆಂದರೆ ದೀಪ ಅದರ ಹಿಂದಿರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಸಾಸೇಜ್ ಸುಡುವ ಅಂಗಡಿಯ ಪಕ್ಕಕ್ಕೆ ಬನ್ನಿ. ಬೆರಳುದ್ದದ ಮೂರು ಸಾಸೇಜನ್ನು ಒಂದು ಬನ್ನಿನಲ್ಲಿಟ್ಟು ಕೊಡುತ್ತಾರೆ, 'ದ್ರೈ ಇಮ್ ವೆಗ್ಲಾ' ಅಂತ ಕೇಳಿದರೆ ಸಾಕು. ಕೊಡುವ ಕೈ, ತೆಗೆದುಕೊಳ್ಳುವ ಕೈ, ನಡುವೆ ಹೊಗೆ. ಆ ಘಳಿಗೆಗೆ ಮೊದಲೇ ಫೋಕಸ್ ಮಾಡಿಟ್ಟು ಕಾಯಿರಿ. ಸುಮ್ನೆ ಅಂಗಡಿಯಿಂದ ಅಂಗಡಿಗೆ ಓಡುವುದಕ್ಕಿಂತ ಒಂದೇ ಕಡೆ ಹತ್ತು ನಿಮಿಷ ನಿಂತವರಿಗೆ ಫೋಟೊ ಜಾಸ್ತಿ ಸಿಗುತ್ತದೆ.

ಹೆಜ್ಜೆ 5: ಜನರನ್ನು ಕೇಳಿ

ಅಂಗಡಿಯ ಬೆಳಕಿಗೆ ಮುಖ ಮಾಡಿ ನಿಂತವರನ್ನು ಹುಡುಕಿ, ಬೆನ್ನು ಮಾಡಿದವರನ್ನಲ್ಲ. ಆದರೆ ಒಂದು ಎಚ್ಚರ. ಜರ್ಮನಿಯಲ್ಲಿ ತಮ್ಮ ಫೋಟೊದ ಮೇಲೆ ಜನರಿಗೆ ಹಕ್ಕಿದೆ, 1907ರ ಕಾನೂನೇ ಇದೆ. ಸಂತೆಯ ನೋಟದಲ್ಲಿ ಯಾರೋ ಹಾದುಹೋದರೆ ಅದು ಬೇರೆ ಮಾತು. ಒಬ್ಬರ ಮುಖವನ್ನೇ ಹತ್ತಿರದಿಂದ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುವುದಾದರೆ ಒಪ್ಪಿಗೆ ಬೇಕು. ಮಕ್ಕಳಾದರೆ ಅಪ್ಪ-ಅಮ್ಮನನ್ನು ಕೇಳಲೇಬೇಕು. 'ದಾರ್ಫ್ ಇಷ್ ಐನ್ ಫೋಟೊ ಮಾಖೆನ್?' ಅಂತ ಕ್ಯಾಮೆರಾ ತೋರಿಸಿ ಕೇಳಿದರೆ ಆಯಿತು. ಏನಾದರೂ ಕೊಂಡು ಆಮೇಲೆ ಕೇಳಿದರೆ ಅಂಗಡಿಯವರ ನಗು ಇನ್ನೂ ಸಲೀಸು, ಅಲ್ವಾ?

ಮೊಬೈಲ್ ಮಾತ್ರ ಇದ್ದರೆ

ಮೊದಲು ಲೆನ್ಸ್ ಒರೆಸಿ. ಬೆರಳಿನ ಜಿಡ್ಡು ಇದ್ದರೆ ಪ್ರತಿ ದೀಪಕ್ಕೂ ಬಾಲ ಬರುತ್ತದೆ. 1ಎಕ್ಸ್‌ನ ಮುಖ್ಯ ಕ್ಯಾಮೆರಾದಲ್ಲೇ ತೆಗೆಯಿರಿ, ಬೆಳಕು ಹಿಡಿಯುವುದರಲ್ಲಿ ಸಾಮಾನ್ಯವಾಗಿ ಅದೇ ಗಟ್ಟಿ. ನೈಟ್ ಮೋಡ್ ಒಂದೆರಡು ಸೆಕೆಂಡುಗಳಲ್ಲಿ ಹಲವು ಫೋಟೊ ತೆಗೆದು ಸೇರಿಸುತ್ತದೆ. ಚರ್ಚಿಗೆ ಅದು ಸೊಗಸು, ಓಡಾಡುವ ಜನರಿಗೆ ಆಗದು. ಜನ ಇದ್ದಾಗ ಅದನ್ನು ಆಫ್ ಮಾಡಿ. ಅಂಗಡಿಯ ಒಳಗಿನ ಬೆಳಕಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಮೈನಸ್ 0.7 ಮಾಡಿದ ಹಾಗೇ ಇದು.

ಚಳಿಯ ಲೆಕ್ಕ

ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಇನ್ನೊಂದು ಬ್ಯಾಟರಿಯನ್ನು ಕೋಟಿನ ಒಳಜೇಬಿನಲ್ಲಿ, ಮೈ ಶಾಖಕ್ಕೆ ತಾಗುವಂತೆ ಇಡಿ. ಖಾಲಿ ಎಂದು ತೋರಿಸಿದ ಬ್ಯಾಟರಿಯನ್ನೂ ಅಲ್ಲೇ ಹಾಕಿ, ಬೆಚ್ಚಗಾದ ಮೇಲೆ ಅದು ಮತ್ತಷ್ಟು ಹೊತ್ತು ನಡೆಯುವುದುಂಟು. ಬಾಯಿಂದ ಉಸಿರು ಬಿಟ್ಟರೆ ವ್ಯೂಫೈಂಡರ್ ಮಂಜಾಗುತ್ತದೆ, ಮೂಗಿನಿಂದ ಬಿಡಿ. ಬಿಸಿ ಮಗ್ಗನ್ನು ಲೆನ್ಸಿನ ಹತ್ತಿರ ತರಬೇಡಿ.

ನಿಜವಾದ ಅಪಾಯ ಇರುವುದು ವಾಪಸು ಬಂದಾಗ. ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಹೀಟರ್ ಹಾಕಿದ ರೂಮಿಗೆ ನೇರ ತಂದರೆ ಒಳಗೂ ಹೊರಗೂ ನೀರು ಕಟ್ಟುತ್ತದೆ. ಬಾಗಿಲ ಹೊರಗೇ ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ. ಆಮೇಲೆ ಒಂದೆರಡು ಗಂಟೆ ಮುಟ್ಟಬೇಡಿ. ಫೋಟೊ ನೋಡುವ ಆತುರ ಇದ್ದೇ ಇರುತ್ತದೆ, ಅದಕ್ಕೆ ಚೀಲದ ಬಾಯಿ ಮುಚ್ಚುವ ಮೊದಲೇ ಮೆಮೊರಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ.